ಸಿಟ್ಟಿನಲ್ಲಿ ನೇಯ್ದ ಹಸಿರು ಸೀರೆ

ಲಹರಿ ಬಂದರೆ ಕೆಲಸ, ಬಾರದಿದ್ದರೆ ಇಲ್ಲ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರೊಟ್ಟಿ ಬಡಿಯುವವಳು ಲಹರಿಗಾಗಿ ಕಾಯುತ್ತ ಕುಳಿತರೆ ಮನೆಮಂದಿಯ ಗತಿಯೇನು? ಹಾಗೆಂದು ನನ್ನ ರೊಟ್ಟಿ ಎಲ್ಲ ದಿನವೂ ಒಂದೇ ಥರ ಇರುತ್ತದೆ ಎಂದೇನಲ್ಲ. ಸಿಟ್ಟು ಬಂದ ದಿನ ಅದು ಹಾಳೆಯಷ್ಟು ತೆಳ್ಳಗಾಗುತ್ತದೆ, ಖುಷಿಯ ದಿನ ದಪ್ಪಗಾಗಿ ನಡುವೆ ಹಸಿ ಉಳಿಯುತ್ತದೆ. ಆದರೂ ನಾನು ಬಡಿಯುವುದನ್ನು ಬಿಟ್ಟಿದ್ದೇನೆಯೇ? ಗಂಡಸರ ಲಹರಿಗೆ ಮಾತ್ರ ಇಡೀ ಮನೆಯೇ ಕೈಕಟ್ಟಿ ನಿಲ್ಲಬೇಕು.

ಗಜೇಂದ್ರಗಡದ ನೇಕಾರ ಓಣಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಸೀರೆ ನೇಯುತ್ತಾರೆ, ನಾನು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತೇನೆ, ಅತ್ತೆ ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಇವರ ಕೈ ಬಲು ವಿಚಿತ್ರದ್ದು. ಮನಸ್ಸು ಉಲ್ಲಾಸವಾಗಿದ್ದರೆ ಮಗ್ಗದಲ್ಲಿ ಕುಳಿತು ಪದ ಹಾಡುತ್ತಾರೆ. ಲಾಳಿ ಹಾಡಿನ ಹಿಂದೆ ಓಲಾಡುತ್ತ ಹೋಗುತ್ತದೆ, ನೂಲು ಬಡಿದು ಕೂಡಿಸುವ ಹಣಿಗೆಯ ಏಟು ಮಗುವಿನ ಬೆನ್ನು ತಟ್ಟಿದಂತೆ ಬೀಳುತ್ತದೆ, ಬಟ್ಟೆ ಜಾಳುಜಾಳಾಗುತ್ತದೆ. ನನ್ನೊಡನೆ ಜಗಳವಾಡಿದ ದಿನವಂತೂ ಧಡ್ ಧಡ್ ಎಂದು ಹಣಿಗೆ ಬಡಿದು ಎಂಥ ಗಟ್ಟಿ ಬಟ್ಟೆ ತೆಗೆಯುತ್ತಾರೆಂದರೆ ನೀರು ಹೊಯ್ದರೂ ನಿಲ್ಲಬೇಕು. ಓಣಿಯವರಿಗೆ ನಮ್ಮ ಸಂಸಾರದ ಸಮಾಚಾರ ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಮಗ್ಗದ ಸಪ್ಪಳವೇ ಊರಿಗೆಲ್ಲ ಡಂಗುರ ಸಾರುತ್ತದೆ.

ಹೀಗಿರುವಾಗ ನರಗುಂದಕ್ಕೆ ಕೊಟ್ಟ ನಮ್ಮ ನಾದಿನಿ ಗಿರಿಜಾಗೆ ಸೀಮಂತದ ಕುಬಸದ ದಿನ ಹತ್ತಿರ ಬಂತು. ಚೊಚ್ಚಲ ಬಸಿರು. ತವರಿನಿಂದ ಹಸಿರು ಸೀರೆ ಹೋಗಬೇಕು. ನೇಕಾರರ ಮಗಳಿಗೆ ಅಂಗಡಿಯ ಸೀರೆ ಒಯ್ದರೆ ಮರ್ಯಾದೆ ಉಳಿಯುತ್ತದೆಯೇ? ಸಾಲದ್ದಕ್ಕೆ ಅವಳ ಮದುವೆಯಲ್ಲಿ ನಾವು ಕೊಟ್ಟ ಸೀರೆಯನ್ನು ಅವಳ ಅತ್ತೆ ಬಿಸಿಲಿಗೆ ಹಿಡಿದು, ಆಚೆಯ ಗೋಡೆ ಕಾಣುತ್ತದೆ ಎಂದು ಹತ್ತು ಮಂದಿಯ ಮುಂದೆ ನಕ್ಕಿದ್ದರು. ಪಾಪ, ಆ ಹುಡುಗಿ ಇವತ್ತಿಗೂ ಆ ಮಾತು ಕೇಳುತ್ತಿದ್ದಾಳೆ. ಈ ಸಲವೂ ಬಟ್ಟೆ ಜಾಳಾದರೆ ಅವಳು ಆ ಮನೆಯಲ್ಲಿ ತಲೆಯೆತ್ತುವಂತಿರಲಿಲ್ಲ.

ಆದರೆ ತಂಗಿ ಬಸಿರಾದ ಆನಂದದಲ್ಲಿ ಅಣ್ಣ ತೇಲುತ್ತಿದ್ದರು. ಬೆಳಗಾದರೆ ಹಾಡು, ಬೈಗಾದರೆ ಹಾಡು. ಇವರು ನೇಯ್ದಷ್ಟು ಬಟ್ಟೆಯನ್ನು ಅತ್ತೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡು ಅಡಿಗೆಮನೆಗೆ ಬಂದರು.

"ಅದು ಸೀರಿ ಅಲ್ಲವಾ, ಹಿಟ್ಟು ಸಾಣಿಸೋ ಜರಡಿ. ಆಗಿದ್ದು ಉಡೂಮುಂದ ಒಳಸುತ್ತಿಗಿ ಹೋಗ್ಲಿ, ಮುಂದಿಂದರ ಗಟ್ಟಿ ಆಗಬೇಕು. ನೀ ಅವಗ ಒಂದೆರಡು ಮಾತು ಅನ್ನು. ನೀವಿಬ್ರೂ ಜಗಳಾಡಿ ಭಾಳ ದಿವ್ಸ ಆತು."

ಕಾರಣವಿಲ್ಲದೆ ಹೇಗೆ ಜಗಳ ತೆಗೆಯಲಿ ಎಂದು ಕೇಳಿದೆ. ಕಾರಣದ ಚಿಂತೆ ನಿನಗೆ ಬೇಡ ಎಂದು ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದರು. ನೀವೇ ಹೇಳಿ, ನಾನು ಮನುಷ್ಯಳೋ, ಮಗ್ಗದ ಸಾಮಾನೋ? ದೇಶಕ್ಕೆ ಸ್ವರಾಜ್ಯ ಬಂದು ಇಷ್ಟು ವರ್ಷವಾದರೂ ಸೊಸೆಯ ಸಿಟ್ಟು ಸೊಸೆಯದಾಗಿಲ್ಲ.

ಅತ್ತೆ ನೇರವಾಗಿ ಮಗನ ಬಳಿಗೆ ಹೋಗಿ, ನಿನ್ನ ಹಾಡು ಕೇಳಿ ಪಕ್ಕದ ಮನೆಯ ಎಮ್ಮೆ ಹಾಲು ಕೊಡುವುದನ್ನೇ ಬಿಟ್ಟಿದೆಯೆಂದು ನಿನ್ನ ಹೆಂಡತಿ ಅನ್ನುತ್ತಾಳೆ ಎಂದುಬಿಟ್ಟರು. ಆ ಮಾತು ನಾನು ಆಡಿರಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡಿದ್ದು ಬೇರೆ ವಿಷಯ. ಇವರು ಕಾಲು ಇಳಿಬಿಟ್ಟು ಕುಳಿತ ಮಗ್ಗದ ಕುಣಿಯಿಂದಲೇ ಗುಡುಗಿದರು.

"ನೀ ಹೊಳೆಆಲೂರಾಕಿ. ರೈಲಿನ ಸಿಳ್ಳಿ ಕೇಳ್ಕೋತ ಬೆಳದಾಕಿಗಿ ರಾಗ ಏನ ತಿಳೀತದ?"

ನನ್ನನ್ನು ಏನಾದರೂ ಅನ್ನಲಿ, ತವರೂರಿನ ತಂಟೆಗೆ ಬಂದರೆ ನಾನು ಸುಮ್ಮನಿರುವವಳಲ್ಲ. ರೈಲಾದರೂ ಹೊತ್ತಿಗೆ ಸರಿಯಾಗಿ ಕೂಗಿ ಬಾಯಿ ಮುಚ್ಚುತ್ತದೆ ಎಂದೆ. ಅಲ್ಲಿಂದ ನಮ್ಮಿಬ್ಬರ ಮಾತು ಬಂದ್. ಉಪ್ಪು ಬೇಕಾದರೂ ಅತ್ತೆಯ ಮುಖಾಂತರವೇ ಕೇಳಬೇಕು. ಹಣಿಗೆ ಧಡ್ ಧಡ್ ಎನ್ನತೊಡಗಿತು. ಅತ್ತೆ ಹೊಸ್ತಿಲ ಬಳಿ ಕುಳಿತು ಆ ಸಪ್ಪಳ ಕೇಳುತ್ತಿದ್ದರು. ಸ್ವಲ್ಪ ಮೆತ್ತಗಾಯಿತೆಂದರೆ ಸಾಕು, ಒಲೆಗೆ ಕಟ್ಟಿಗೆ ದೂಡಿದಂತೆ ಅವನು ಹೀಗಂದ, ಅವಳು ಹಾಗಂದಳು ಎಂದು ಮತ್ತೊಂದು ಮಾತು ದೂಡುತ್ತಿದ್ದರು. ನಾನು ಒಳಗೆ ಕುದಿಯುತ್ತಿದ್ದೆ, ಇವರು ಹೊರಗೆ ಬಡಿಯುತ್ತಿದ್ದರು, ಸೀರೆ ಬೆಳೆಯುತ್ತಿತ್ತು.

ಕುಬಸದ ದಿನ ಬಸ್ಸು ಹಿಡಿದು ಮೂವರೂ ನರಗುಂದಕ್ಕೆ ಹೋದೆವು. ಗಿರಿಜಾಳ ಅತ್ತೆ ಸೀರೆಯ ಮೇಲುಮಡಿಕೆಯನ್ನು ಬೆರಳ ನಡುವೆ ಉಜ್ಜಿದರು, ಬಿಸಿಲಿಗೆ ಹಿಡಿದರು. ಗಿರಿಜಾ ಆಕೆಯ ಬೆರಳನ್ನೇ ನೋಡುತ್ತ ನಿಂತಿದ್ದಳು, ನಾನೂ ಅಷ್ಟೆ.

"ಎಂಥಾ ಚಲೋ ನೇಯ್ಗಿ. ಅಣ್ಣನ ಮಾಯಾ ಎಳಿ ಎಳಿಯಾಗ ಐತಿ ನೋಡವಾ" ಎಂದರು ಆಕೆ.

ಗಿರಿಜಾಳ ಮುಖ ಅರಳಿತು. ಅಣ್ಣನವರು ವಿನಯದಿಂದ ಕಣ್ಣೊರೆಸಿಕೊಂಡರು. ಅಣ್ಣನ ಮಾಯೆ, ಅಕ್ಕರೆಯಂತೆ! ಆ ಎಳೆಗಳಲ್ಲಿ ಇದ್ದದ್ದು ನನ್ನ ಮೇಲಿನ ಸಿಟ್ಟು, ಎಮ್ಮೆ, ಹೊಳೆಆಲೂರಿನ ರೈಲು. ಯಾರೊಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಗಿರಿಜಾಳ ಕೆನ್ನೆಗೆ ಅರಿಸಿನ ಹಚ್ಚಿದೆ. ಆ ಹುಡುಗಿ ನಗುತ್ತಿದ್ದಳಲ್ಲ, ಏನು ಮಾಡಲಿ?

ಊರಿಗೆ ಮರಳಿದ ಮೇಲೆ ಇವರು ರಾಜಿಯಾದರು, ಸಂತೆಯಿಂದ ಮಲ್ಲಿಗೆ ದಂಡೆ ಕೂಡ ತಂದರು. ಅದೇ ಹೊತ್ತಿಗೆ ರೋಣದ ಮಹಿಳೆಯರ ಸಂಘದವರು ತಮ್ಮ ಸಭೆಯಲ್ಲಿ ಓದಲು ಏನಾದರೂ ಬರೆದುಕೊಂಡು ಬಾ ಎಂದು ಹೇಳಿಕಳಿಸಿದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಬರೆಯುವುದೇನು ಮಹಾ ಎಂದು ಪೆನ್ನು ಹಿಡಿದು ಕುಳಿತೆ. ದಿನಗಳು ಹೋದವು, ಒಂದು ಸಾಲೂ ಹುಟ್ಟಲಿಲ್ಲ. ತಲೆಯಲ್ಲಿ ಮಲ್ಲಿಗೆ ಇಟ್ಟುಕೊಂಡು ಗೋಡೆ ನೋಡುತ್ತ ಕೂಡುವುದೇ ಆಯಿತು.

ಇವತ್ತು ಮುಂಜಾನೆ ಅತ್ತೆ ಬಂದು, ನೀನು ಬರೆದ ಹಾಳೆ ಚಟ್ನಿಪುಡಿ ಕಟ್ಟಲಿಕ್ಕೂ ಬರುವುದಿಲ್ಲವೆಂದು ನಿನ್ನ ಗಂಡ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ ಎಂದರು. ಮೈಯೆಲ್ಲ ಬೆಂಕಿಯಾಯಿತು. ಕುಳಿತವಳು ಏಳದೆ ಒಂದೇ ಉಸಿರಿಗೆ ಇಷ್ಟನ್ನೂ ಬರೆದುಹಾಕಿದೆ. ತಲೆಯೆತ್ತಿ ನೋಡಿದರೆ ಅತ್ತೆ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

"ಬರದು ಮುಗೀತೇನವಾ," ಎಂದರು ಮೆತ್ತಗೆ, "ಇಲ್ಲಾ, ಅವಾ ಅಂದದ್ದು ಇನ್ನೊಂದು ಮಾತು ಹೇಳ್ಲಿ?"