ಎಡಗಾಲಿನ ಜಾತಕ

ನಮ್ಮ ಸೋದರಮಾವನಿಗೆ ಮೈಸೂರಿನಲ್ಲಿ ಒಬ್ಬರ ಮುಖವೂ ನೆನಪಿಲ್ಲ. ಎಲ್ಲರ ಎಡಗಾಲೂ ನೆನಪಿದೆ! ನಗಬೇಡಿ. ಈ ಎಡಗಾಲುಗಳ ದೆಸೆಯಿಂದ ನಾನು ಎಂಟು ತಿಂಗಳು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇದನ್ನು ಬರೆಯುವಾಗಲೂ ಪೆನ್ನು ಕಾಗದವನ್ನು ಕೊರೆಯುತ್ತಿದೆ.

ಮಾವ ಲಕ್ಷ್ಮೀಪುರಂನಲ್ಲಿ ಮೂವತ್ತೈದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಇದ್ದದ್ದು ಒಂದೇ ಕಾರು. ಅದರ ಎಡಗಡೆಯ ಸೀಟಿಗೂ ಒಂದು ಕ್ಲಚ್ಚು, ಒಂದು ಬ್ರೇಕು. ಅಲ್ಲಿ ಕೂತು ಅವರು ಊರಿಗೆಲ್ಲ ಡ್ರೈವಿಂಗ್ ಕಲಿಸಿದರು. ಅರ್ಧ ಮೈಸೂರು ತಮ್ಮ ಹತ್ತಿರ ಕಲಿತಿದೆ, ಉಳಿದರ್ಧ ಕಲಿಯದೆ ಕೆಟ್ಟಿದೆ ಎನ್ನುವುದು ಅವರ ವಾದ. ನಾಲ್ಕು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಸ್ಕೂಲು ಮುಚ್ಚಿದರು. ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ಯಾಕೆ ಅಂತ ಕೇಳಿದರೆ, "ಕಲಿಸ್ದೋನು ಓಡುಸ್ಬಾರ್ದು ಕಣಮ್ಮಿ, ಪಕ್ಕದಲ್ಲಿ ಕೂತ್ಕಬೇಕು" ಎನ್ನುತ್ತಾರೆ. ಇದು ಯಾವ ಆರ್‌ಟಿಓ ಕಾನೂನೋ ನಾ ಕಾಣೆ!

ಮಾವ ನಿವೃತ್ತರಾದರೂ ಅವರ ಬಲಗಾಲು ನಿವೃತ್ತಿಯಾಗಿಲ್ಲ. ಆಟೋದಲ್ಲಿ ಕೂತರೂ ನೆಲ ಒತ್ತುತ್ತಾರೆ. ನಮ್ಮ ಮನೆಯ ಸೋಫಾ ಮೇಲೆ ಕೂತಿರುವಾಗ ಬೀದಿಯಲ್ಲಿ ಯಾವನಾದರೂ ಜೋರಾಗಿ ಗಾಡಿ ಬಿಟ್ಟರೆ ಸಾಕು, ಮಾವನ ಕಾಲಡಿಯ ಚಾಪೆ ಒಂದು ಗೇಣು ಮುಂದಕ್ಕೆ ಹೋಗಿರುತ್ತದೆ.

ಇಂಥವರನ್ನು ಹಳೇ ಕಾರು ನೋಡಲು ಯಾರಾದರೂ ಕರೆದುಕೊಂಡು ಹೋಗುತ್ತಾರೆಯೇ? ನಾನೂ ಕರೆಯಲಿಲ್ಲ. ಅಮ್ಮನ ಹತ್ತಿರ ಬಾಯಿಬಿಟ್ಟೆ, ಅಷ್ಟೇ ನನ್ನ ತಪ್ಪು.

ನನಗೆ ಬೇಕಾಗಿದ್ದ ಕಾರು ಎಂಥದ್ದು ಅಂತ ಹೇಳಿಬಿಡುತ್ತೇನೆ. ನೋಡಲು ಪಾಪದ ಸಣ್ಣ ಕಾರು, ನಾಲ್ಕು ಜನ ಕೂರಬಹುದು, ಹಿಂದೆ ತರಕಾರಿ ಚೀಲ ಇಡಬಹುದು. ಆದರೆ ಒಳಗೆ ಟರ್ಬೊ ಎಂಜಿನ್ನು. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ಗೇರು ಕೈಯಲ್ಲೇ ಹಾಕುವಂತಿರಬೇಕು. ಬಣ್ಣ ನೀಲಿ. ಹೊಸದು ಕೊಳ್ಳುವ ಶಕ್ತಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ನನಗಿಲ್ಲ, ಆದ್ದರಿಂದ ಸೆಕೆಂಡ್ ಹ್ಯಾಂಡು. "ಹೆಣ್ಣುಮಕ್ಕಳಿಗೆ ಅಂಥ ಗಾಡಿ ಯಾಕೆ?" ಎಂದು ಸ್ಟಾಫ್ ರೂಮಿನಿಂದ ಹಿಡಿದು ಹಾಲಿನ ಬೂತಿನವರೆಗೆ ಎಲ್ಲರೂ ಕೇಳಿದರು. ಯಾಕೆ ಅಂದರೆ? ನಲವತ್ತೆರಡು ವರ್ಷದ ಬದುಕಿನಲ್ಲಿ ಬರೀ ಮನೆಗೆ ಬೇಕಾದ್ದನ್ನೇ ಕೊಂಡಿದ್ದೇನೆ. ಮಿಕ್ಸಿ, ನೀರಿನ ಫಿಲ್ಟರು, ಅಮ್ಮನ ಮಂಡಿನೋವಿಗೆ ಎತ್ತರದ ಮಂಚ. ಹದಿಮೂರು ವರ್ಷ ಸ್ಕೂಟರಿನಲ್ಲಿ ಬಿಸಿಲು ಕುಡಿದಿದ್ದೇನೆ. ಇದೊಂದು ನನಗೆ ಬೇಕು, ನನಗೋಸ್ಕರ ಬೇಕು, ಅಷ್ಟೇ! ಅದಕ್ಕೆ ಯಾರಿಗೆ ಅರ್ಜಿ ಕೊಡಬೇಕಿತ್ತು?

ಅಮ್ಮ ತನ್ನ ತಮ್ಮನಿಗೆ, ಅಂದರೆ ಮಾವನಿಗೆ, ಫೋನ್ ಮಾಡಿದಳು. ಮಾರನೆಯ ಬೆಳಿಗ್ಗೆ ಮಾವ ಕಪ್ಪು ಕನ್ನಡಕ ಏರಿಸಿಕೊಂಡು ಆಟೋದಲ್ಲಿ ಬಂದಿಳಿದರು. "ನಡಿ ಅಮ್ಮಿ" ಎಂದರು.

ಮೊದಲು ಹೋಗಿದ್ದು ದೇವರಾಜ ಮೊಹಲ್ಲಾಕ್ಕೆ. ದ್ರಾಕ್ಷಿ ಗೋಡಂಬಿ ವ್ಯಾಪಾರಿಯೊಬ್ಬರು ತಮ್ಮ ಕಾರು ಮಾರುತ್ತಿದ್ದರು. ಅಯ್ಯೋ, ಆ ಕಾರು! ನೀಲಿ ಅಂದರೆ ನೀಲಿ. ನೋಡಿದ ಕೂಡಲೇ ಹೋಗಿ ಬಾನೆಟ್ಟು ಸವರಿದೆ. ವ್ಯಾಪಾರಿ ಅಂಗಡಿಯ ಒಳಗಿಂದಲೇ "ಯಾರು ಬೇಕಾಗಿತ್ತು?" ಎಂದರು. ಮಾವ ದನಿ ಬಂದ ಕಡೆ ತಿರುಗಿದರು.

"ಏಯ್, ಮೂರನೇ ಗೇರಿಗೆ ಬದ್ಲು ರಿವರ್ಸ್ ಹಾಕ್ತಿದ್ದೋನು ನೀನೇ ಅಲ್ವೇನ್ಲಾ?"

"ಮೇಷ್ಟ್ರೇ!" ಎಂದು ಆ ಮನುಷ್ಯ ಗಲ್ಲಾ ಬಿಟ್ಟು ಓಡಿಬಂದು ಕಾಲಿಗೆ ಬಿದ್ದರು. ನಾನು ಹಿಗ್ಗಿದೆ. ಗುರುಗಳ ಮುಖ ನೋಡಿ ರೇಟು ಇಳಿಸುತ್ತಾರೆ ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ!

ಮಾವನ ಪರೀಕ್ಷೆ ಶುರುವಾಯಿತು. ಕಾರಿನ ಸುತ್ತ ಅಂಗೈ ಆಡಿಸುತ್ತ ಒಂದು ಪ್ರದಕ್ಷಿಣೆ. ಬಾಗಿಲು ತೆಗೆದು ಸೀಟು ಮೂಸಿದರು. ಎಂಜಿನ್ ಚಾಲೂ ಮಾಡಿಸಿ ಬಾನೆಟ್ಟಿಗೆ ಕಿವಿ ಕೊಟ್ಟು ನಿಂತರು. ರಸ್ತೆಯಲ್ಲಿ ಹೋಗುವ ಜನವೆಲ್ಲ ನಿಂತು ನೋಡುತ್ತಿದ್ದಾರೆ, ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿದೆ. ಅಷ್ಟು ಸಾಲದು ಅಂತ, "ಮೀಟ್ರು ಓದಮ್ಮಿ. ಕಾಲೇಜಲ್ಲಿ ಪಾಠ ಮಾಡ್ತೀಯಲ್ಲ, ನಿಂಗೆ ಓದಕ್ಕಾದ್ರೂ ಬತ್ತದಾ ನೋಡವಾ" ಎಂದರು. ಹಲ್ಲು ಕಚ್ಚಿಕೊಂಡು ಓದಿದೆ. ಆರ್‌ಸಿ ಕಾರ್ಡನ್ನೂ ನನ್ನಿಂದಲೇ ಓದಿಸಿದರು.

"ಬಣ್ಣ ಯಾವ್ದು?"

"ನೀಲಿ! ಯಾಕೆ, ಕಣ್ಣು ಕಾಣಲ್ವಾ ಮಾವ ನಿಮಗೆ?"

"ನೀಲಿ ಬ್ಯಾಡ. ಸಂಜೆ ಹೊತ್ತು ರೋಡಲ್ಲಿ ಕರಗೋಯ್ತದೆ. ಅದೂ ಅಲ್ದೆ, ಈ ನನ್ಮಗ ಕಲಿಯೋವಾಗ್ಲೇ ಕ್ಲಚ್ ಮ್ಯಾಲೆ ಎಡಗಾಲು ಇಟ್ಕಂಡು ನಿದ್ದೆ ಮಾಡ್ತಿದ್ದ."

ಮಾರುವವನಿಗೆ ಮಾನ ಇದ್ದರೆ ಜಗಳ ಆಡಬೇಕು ತಾನೆ? ಈ ಮಹಾನುಭಾವ ತಲೆ ತಗ್ಗಿಸಿದರು. "ನಿಜ ಮೇಷ್ಟ್ರೇ, ಚಟ ಹೋಗಿಲ್ಲ. ಹೋದ ತಿಂಗಳು ಹೊಸ ಕ್ಲಚ್ ಪ್ಲೇಟ್ ಹಾಕಿಸ್ದೆ."

"ಹೊಸ ಪ್ಲೇಟ್ ಇದ್ದರೆ ನಮಗೆ ಒಳ್ಳೇದೇ ಅಲ್ವಾ ಮಾವ?" ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

"ಪ್ಲೇಟ್ ಹೊಸದು, ಕಾಲು ಹಳೇದು. ಒಳಗೆ ಇನ್ನೇನೇನು ಸವೆದದೋ. ನಡಿ."

ವ್ಯಾಪಾರಿ ನನ್ನ ಕೈಗೆ ಒಂದು ಪೊಟ್ಟಣ ದ್ರಾಕ್ಷಿ ಕೊಟ್ಟು ಕಳಿಸಿದರು. ಮಾರನೆಯ ದಿನವೇ ಆ ನೀಲಿ ಕಾರನ್ನು ಇನ್ಯಾರೋ ಪುಣ್ಯವಂತರು ಹೊಡೆದುಕೊಂಡು ಹೋದರು. ಆ ದ್ರಾಕ್ಷಿಯನ್ನು ನಾನು ಬಾಯಿಗೆ ಹಾಕಲಿಲ್ಲ.

ಹೀಗೆ ಎಷ್ಟು ಕಾರು ಹೋದವು ಅಂತೀರಿ! ಸರಸ್ವತಿಪುರಂನ ಬಿಳಿ ಕಾರು ಹೋಯಿತು, ಅದರ ಯಜಮಾನ ಇಪ್ಪತ್ತು ವರ್ಷದ ಹಿಂದೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಿದ್ದನಂತೆ. ಗೋಕುಲಂನಲ್ಲಿ ಇನ್ನೊಂದು ನೀಲಿ ಸಿಕ್ಕಿತ್ತು, ಅದರ ಯಜಮಾನಿಗೆ ಗೇರ್ ರಾಡಿನ ಮೇಲೆ ಕೈ ಇಟ್ಟುಕೊಂಡೇ ಓಡಿಸುವ ಅಭ್ಯಾಸವಂತೆ. ಎಲ್ಲರೂ ದನಿ ಕೇಳಿಸಿದ ಕೂಡಲೇ ಮಾವನ ನೆನಪಿನಿಂದ ಎದ್ದು ಬರುತ್ತಿದ್ದರು, ಎಲ್ಲರೂ ತಪ್ಪೊಪ್ಪಿಕೊಳ್ಳುತ್ತಿದ್ದರು. ಕಾರು ಮಾತ್ರ ನನ್ನ ಕೈಗೆ ಬರುತ್ತಿರಲಿಲ್ಲ.

ಕುವೆಂಪುನಗರದ ಇಂಜಿನಿಯರೊಬ್ಬರು ಮಾವನ ಶಿಷ್ಯರಲ್ಲ. ಸದ್ಯ, ಬದುಕಿದೆ ಅಂದುಕೊಂಡೆ. ಮಾವ ಬಿಡಬೇಕಲ್ಲ! "ಸಾರ್, ನಿಮ್ಮ ಗೇಟೊಳಕ್ಕೆ ಒಂದ್ಸಲ ರಿವರ್ಸ್ ತಕ್ಕಳಿ, ನೋಡವಾ" ಎಂದರು. ಆ ಮನುಷ್ಯ ಗಾಬರಿಯಲ್ಲಿ ತಮ್ಮದೇ ತುಳಸಿಕಟ್ಟೆಗೆ ಗುದ್ದಿದರು! ಬೂದು ಬಣ್ಣದ ಬಂಪರು ನೆಗ್ಗಿತು. ಅವರ ಹೆಂಡತಿ ಹೊರಗೆ ಬಂದು ನಮ್ಮನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಆದರೂ ಆ ಇಂಜಿನಿಯರ್ ಪುಣ್ಯಾತ್ಮ ನನ್ನ ಕಡೆ ತಿರುಗಲಿಲ್ಲ. ಮಾತೆಲ್ಲ ಮಾವನ ಜೊತೆಗೇ.

"ಗಾಡಿ ಯಾರಿಗೆ ಸಾರ್? ಮೇಡಂಗಾ? ಅಯ್ಯೋ, ಮೇಡಂಗೆ ಇಂಥದ್ದೆಲ್ಲ ಆಗಲ್ಲ, ಒಂದು ಆಟೋಮ್ಯಾಟಿಕ್ ಕೊಡ್ಸಿಬಿಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಳಿದರು: "ಅವ್ಳಿಗೆ ನಾನೇ ಕಲ್ಸಿರೋದು ಕಣಯ್ಯ. ಅವ್ಳ ಒಂದು ಎಡಗಾಲು ನಿನ್ನ ಎರಡು ಕಾಲಿಗಿಂತ ವಾಸಿ."

ಎಂಟು ತಿಂಗಳಲ್ಲಿ ಅವರು ಆಡಿದ ಒಂದೇ ಒಂದು ಒಳ್ಳೆಯ ಮಾತು! ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಅಷ್ಟರಲ್ಲಿ ಬಣ್ಣ ಯಾವುದು ಅಂತ ನನ್ನನ್ನೇ ಕೇಳಿ, "ಬೂದು ಬಣ್ಣ ಬ್ಯಾಡ, ನಡಿ" ಎಂದು ಅದನ್ನೂ ಕೆಡಿಸಿದರು.

ಆವತ್ತು ಲಕ್ಷ್ಮೀಪುರಂನ ಅವರ ಮನೆ ಗೇಟಿನ ಮುಂದೆ ನಾನು ಸಿಡಿದೆ. "ದುಡ್ಡು ನನ್ನದು, ಗಾಡಿ ನನ್ನದು, ಎಡಗಾಲೂ ನನ್ನದು! ಇನ್ನು ಮೇಲೆ ನೀವು ಬರಕೂಡದು ಮಾವ. ನನ್ನ ಜನ್ಮದಲ್ಲಿ ಒಂದು ಆಸೆ ಪಟ್ಟೆ, ಅದಕ್ಕೂ ಕಲ್ಲು ಹಾಕ್ತಿದ್ದೀರಿ." ಎದುರು ಮನೆಯವರು ಕಿಟಕಿಗೆ ಬಂದರು. ಬರಲಿ!

ಮಾವ ಗೇಟಿನ ಕಂಬಿ ತಡವಿ ಹಿಡಿದುಕೊಂಡರು. ಆಮೇಲೆ, "ಕೆಂಪುದ್ ಒಂದು ನೋಡಮ್ಮಿ" ಎಂದರು.

"ನನಗೆ ಕೆಂಪು ಬೇಡ! ಕೆಂಪು ಕಾರಿನಲ್ಲಿ ಕಾಲೇಜಿಗೆ ಹೋದರೆ ಹುಡುಗರು ಫೈರ್ ಎಂಜಿನ್ ಬಂತು ಅಂತಾರೆ."

ಮೂರು ವಾರ ಮಾತು ಬಿಟ್ಟೆ. ಅಮ್ಮ ಇಬ್ಬರ ನಡುವೆ ಫೋನಿನಲ್ಲಿ ಓಡಾಡಿ ಸುಸ್ತಾದಳು. ನಾನೊಬ್ಬಳೇ ಹೋಗಿ ಎರಡು ಕಾರು ನೋಡಿ ಬಂದೆ. ಹೇಳಬಾರದು, ಎರಡರಲ್ಲೂ ಕ್ಲಚ್ ಒತ್ತಿದಾಗ ಮಾರುವವರ ಎಡಗಾಲು ಹೇಗಿದ್ದೀತು ಎಂಬ ಯೋಚನೆ ಬಂತು. ಈ ಮನುಷ್ಯ ನನ್ನ ತಲೆಯೊಳಗೇ ಸ್ಕೂಲು ತೆರೆದಿದ್ದರು! ಕೊಳ್ಳದೆ ಬಂದೆ. ಅದಕ್ಕೂ ಮಾವನನ್ನೇ ಬೈದೆ.

ಕೊನೆಗೆ ಅವರೇ ಫೋನ್ ಮಾಡಿದರು. ಚರ್ಚಿನ ಹಿಂದಿನ ಬೀದಿಯಲ್ಲಿ ಅವರ ಹಳೆಯ ಶಿಷ್ಯೆಯೊಬ್ಬರಿದ್ದಾರೆ. ಕ್ರೈಸ್ತರು, ಶಾಲೆಯಲ್ಲಿ ಟೀಚರು, ಮಂಡಿ ಸವೆದು ಕ್ಲಚ್ ಒತ್ತಲಾಗದೆ ಕಾರು ಮಾರುತ್ತಿದ್ದಾರೆ. "ಅರ್ಧ ಕ್ಲಚ್ಚಲ್ಲಿ ಒಂದಿನ ಕಾಲಿಟ್ಟೋಳಲ್ಲ. ನಾನು ಕಲ್ಸಿದ್ರಲ್ಲಿ ನಿನ್ನ ಬುಟ್ರೆ ಅವ್ಳೇ." ಬಣ್ಣ? ಕೆಂಪು! ಬೇಡ ಎಂದು ಹೇಳಿಬರುವುದಕ್ಕೆಂದೇ ಹೋದೆ.

ಟೀಚರ್ ಕಾಫಿ ಕೊಟ್ಟರು. ಕನ್ನಡಿಗೆ ನೇತುಹಾಕಿದ್ದ ಜಪಮಣಿ ಸರವನ್ನು ಬಿಚ್ಚಿಕೊಂಡು ಕಣ್ಣಿಗೊತ್ತಿಕೊಂಡರು. ಬೀಗದ ಕೈಯನ್ನು ಮಾವನಿಗಲ್ಲ, ನನಗೆ ಕೊಟ್ಟು, "ರಿಂಗ್ ರೋಡಿಗೆ ಹೋಗಿ ಬಾಮ್ಮ, ಮೂರನೇ ಗೇರಲ್ಲಿ ಗೊತ್ತಾಗುತ್ತೆ" ಎಂದರು. ಮೂರನೇ ಗೇರಲ್ಲಿ ಗೊತ್ತಾಯಿತು. ಎಂಜಿನ್ ಒಂದು ಸಲ ಉಸಿರೆಳೆದುಕೊಂಡಿತು, ಬೆನ್ನು ಸೀಟಿಗೆ ಅಂಟಿತು, ನನ್ನ ಗಂಟಲಿನಿಂದ ನಗುವೋ ಕೂಗೋ ಏನೋ ಬಂತು. ಪಕ್ಕದಲ್ಲಿ ಕೂತ ಮಾವ ಬ್ರೇಕು ಒತ್ತಲಿಲ್ಲ! ಎರಡು ಕಾಲೂ ಮಡಚಿಕೊಂಡು ಮಗುವಿನ ಹಾಗೆ ನಗುತ್ತಿದ್ದರು.

ಅವರು ಹೇಳಿದ್ದೇ ಸರಿಯಾಯಿತಲ್ಲ ಎನ್ನುವ ಹೊಟ್ಟೆಯುರಿಯಲ್ಲೇ ಕಾರು ಕೊಂಡೆ. ಕೆಂಪು ಕಾರು!

ಮೈಸೂರಿನವರು ಗಾಡಿ ಕೊಂಡರೆ ಮೊದಲು ಎಲ್ಲಿಗೆ ಹೋಗುತ್ತಾರೆ ಅಂತ ಹೇಳಬೇಕಾಗಿಲ್ಲ. ಬೆಟ್ಟ ಹತ್ತಿದೆವು. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಹೂವಿನ ಹಾರ, ನಿಂಬೆಹಣ್ಣು, ತೆಂಗಿನಕಾಯಿ ಮಾವನ ಕೈಗೆ ಕೊಟ್ಟೆ. "ಪೂಜೆಯವರು ಬಂದರೆ ಶುರು ಮಾಡಿಸಿ, ಒಳಗೆ ಅರ್ಚನೆ ಮಾಡಿಸಿಕೊಂಡು ಬರ್ತೀನಿ" ಎಂದು ಹೇಳಿ ಹೋದೆ. ಸಾಲು ಉದ್ದವಿತ್ತು. ಪ್ರಸಾದ ಹಿಡಿದು ಬಂದು ನೋಡಿದರೆ, ನನ್ನ ಕಾರು ನಾನು ಬಿಟ್ಟ ಹಾಗೇ ಬೋಳಾಗಿ ನಿಂತಿದೆ. ಅದರಾಚೆ ನಾಲ್ಕನೆಯ ಕಾರು, ಇನ್ಯಾರದೋ ಕೆಂಪು ಕಾರು, ನನ್ನ ಹಾರ ಹಾಕಿಕೊಂಡು ಮದುವಣಗಿತ್ತಿಯ ಹಾಗೆ ಮೆರೆಯುತ್ತಿದೆ! ನಾಲ್ಕು ಚಕ್ರದ ಕೆಳಗೆ ನನ್ನ ನಾಲ್ಕು ನಿಂಬೆಹಣ್ಣು. ಪೂಜಾರಿ ಮಂಗಳಾರತಿ ಎತ್ತುತ್ತಿದ್ದಾರೆ. ಮಾವ ಕೈಮುಗಿದು ನನ್ನ ಹೆಸರು, ನನ್ನ ನಕ್ಷತ್ರ ಗಟ್ಟಿಯಾಗಿ ಹೇಳುತ್ತಿದ್ದಾರೆ. ಆ ಕಾರಿನ ಸಂಸಾರ ಚುರುಮುರಿ ಅಂಗಡಿಯಿಂದ ಪೊಟ್ಟಣ ಹಿಡಿದುಕೊಂಡೇ ಓಡಿಬಂತು.

"ಯಾರ್ರೀ ನೀವು? ನಮ್ ಗಾಡೀಗೆ ಯಾಕ್ರೀ ಪೂಜೆ ಮಾಡುಸ್ತಿದ್ದೀರಿ?"

"ಇರ್ಲಿ ಬಿಡ್ರೀ" ಎಂದರು ಅವರ ಹೆಂಡತಿ. "ದೇವ್ರ ಕೆಲ್ಸ, ಒಳ್ಳೇದೇ ಆಯ್ತು." ಹಾರ ವಾಪಸ್ಸು ಕೊಡುವ ಮಾತೇ ಇಲ್ಲ!

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಎದುರಿಗೆ ಮಾವನ ಮೇಲೆ ಕೂಗಾಡಿದೆ. "ಎಂಟು ತಿಂಗಳು ನನ್ನ ಪ್ರಾಣ ತಿಂದಿರಿ. ಈಗ ನನ್ನ ಗಾಡಿ ಯಾವುದು ಅಂತಲೂ ಗೊತ್ತಾಗಲಿಲ್ವಾ? ಅಷ್ಟು ದೊಡ್ಡ ನಂಬರ್ ಪ್ಲೇಟು, ಕಾಣಲ್ವಾ?"

ಮಾವ ಕಪ್ಪು ಕನ್ನಡಕ ತೆಗೆದರು. ನನ್ನ ಮುಖದ ಕಡೆಗೆ ನೋಡಿದರು, ಆದರೆ ನೋಟ ನನ್ನ ಕಿವಿಯ ಹತ್ತಿರ ಎಲ್ಲೋ ನಿಂತಿತು.

"ಕಾಣಲ್ಲ ಕಣಮ್ಮಿ. ನಾಕು ವರ್ಷಾಯ್ತು. ಹೋದುದ್ದು ಹೋದಂಗೇ, ವಾಪಸ್ ಬರಲ್ಲ ಅಂದವ್ರೆ ಡಾಕ್ಟ್ರು. ನಿಮ್ಮತ್ತೆಗೆ ಬುಟ್ರೆ ಯಾರ್ಗೂ ಗೊತ್ತಿಲ್ಲ. ನಿಮ್ಮಮ್ಮಂಗೆ ಹೇಳ್ಬ್ಯಾಡ."

ನನ್ನ ಕೈಯಲ್ಲಿ ಪ್ರಸಾದ ಹಾಗೇ ಇತ್ತು.

"ಎಲ್ಲಾ ಮಬ್ಬು. ಕೆಂಪೊಂದು ಇನ್ನೂ ಗೊತ್ತಾಯ್ತದೆ. ನಮ್ಮಮ್ಮಿ ಗಾಡಿ ಓಡುಸ್ಕಂಡು ಬರೋದು ನಂಗೆ ಕಾಣ್ಲಿ ಅಂತಿದ್ದೆ. ಅದ್ಕೇ ನೀಲಿ ಬ್ಯಾಡ ಅಂದಿದ್ದು. ತಪ್ಪಾಯ್ತು. ಇಲ್ಲಿ ಇನ್ನೊಂದು ಕೆಂಪುದು ಇರ್ತದೆ ಅಂತ ಅನ್ಕಳ್ಳಿಲ್ಲ."

ಮೀಟ್ರು ಓದಿಸಿದ್ದು, ಕಾರ್ಡು ಓದಿಸಿದ್ದು, ಅಂಗೈ ಆಡಿಸಿದ್ದು, ದನಿ ಹಿಡಿದು ಶಿಷ್ಯರನ್ನು ಗುರುತಿಸಿದ್ದು ಎಲ್ಲ ಒಟ್ಟಿಗೆ ಬಂದು ನನ್ನ ಎದೆಯ ಮೇಲೆ ಕೂತವು. ಕಣ್ಣು ಕಾಣಲ್ವಾ, ಕಣ್ಣು ಕಾಣಲ್ವಾ ಎಂದು ಎಷ್ಟು ಸಲ ಅಂದಿದ್ದೆ! ನನ್ನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಅವರ ಮೇಲೂ ಬಂತು. ಯಾಕೆ ಹೇಳಲಿಲ್ಲ? ನಾನೇನು ಪರಕೀಯಳೇ? ಅಲ್ಲೇ ಅತ್ತುಬಿಟ್ಟೆ. ಚುರುಮುರಿ ಸಂಸಾರದ ಹೆಂಗಸು ಬಂದು, ಹಾರಕ್ಕೇ ಅಳುತ್ತಿದ್ದೇನೆ ಅಂದುಕೊಂಡು, ಹಾರ ವಾಪಸ್ಸು ಕೊಟ್ಟರು.

ಹೊಸ ನಿಂಬೆಹಣ್ಣು ತಂದೆ. ಈ ಸಲ ಮಾವನ ಕೈ ಹಿಡಿದು ನಾಲ್ಕು ಚಕ್ರದ ಹತ್ತಿರವೂ ಕರೆದುಕೊಂಡು ಹೋದೆ. ಪ್ರತಿಯೊಂದನ್ನೂ ತಟ್ಟಿ ನೋಡಿ ಅವರೇ ಹಣ್ಣು ಇಟ್ಟರು.

ಸಂಜೆ ಲಕ್ಷ್ಮೀಪುರಂನಲ್ಲಿ ಇಳಿಸಿದಾಗ, "ಒಂದು ರೌಂಡ್ ಹೊಡ್ಕಂಡು ಬಾ, ನೋಡ್ತೀನಿ" ಎಂದರು. ಗೇಟಿಗೆ ಒರಗಿ ನಿಂತರು. ನಾನು ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿದೆ. ನನ್ನ ಮುಂದೆ ಒಂದು ಆಟೋ, ಒಂದು ಬಿಳಿ ಕಾರು, ಎರಡು ಸ್ಕೂಟರು ಹೋದವು. ಮಾವ ಅಲುಗಾಡಲಿಲ್ಲ. ನಾನು ಬೇಕೆಂದೇ ಹಾರ್ನ್ ಮಾಡಲಿಲ್ಲ. ಮೆಲ್ಲಗೆ ಬಂದೆ. ಅವರ ಗೇಟು ಇನ್ನೂ ಎರಡು ಮನೆಯಾಚೆ ಇರುವಾಗಲೇ ಅವರ ಕೈ ಮೇಲೆದ್ದಿತು.

ನನಗೆ ಬೇಕಾಗಿದ್ದದ್ದು ನೀಲಿ. ಈಗಲೂ ದಾರಿಯಲ್ಲಿ ನೀಲಿ ಕಾರು ಕಂಡರೆ ಮಾವನನ್ನು ಎರಡು ಮಾತು ಬೈಯುತ್ತೇನೆ. ಆದರೆ ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒದ್ದೆ ಬಟ್ಟೆ ಹಿಡಿದು ಕಾರು ಒರೆಸುತ್ತೇನೆ. ಲಕ್ಷ್ಮೀಪುರಂ ನನ್ನ ದಾರಿಯಲ್ಲ, ಆದರೂ ಆ ಬೀದಿಯಲ್ಲೇ ಹೋಗುತ್ತೇನೆ. ದೂಳು ಕೂತರೆ ಕೆಂಪು ಮಂಕಾಗುತ್ತದೆ, ಮಾವ ಗೇಟಿನ ಹತ್ತಿರ ನಿಂತಿರುತ್ತಾರೆ.