ಕುಂಭಾರಿ ನಾಕಾದ ಪ್ಲೇಗಿನ ಹಗ್ಗ

ದಾರಿಗೆ ಅಡ್ಡ ಒಂದು ಹಗ್ಗ ಕಟ್ಟಿ ಕೂತು ನೋಡಿ. ದಾಟುವ ಕೆಲಸವೇ ಇಲ್ಲದವರಿಗೂ ಅವತ್ತೇ ದಾಟಬೇಕಾಗುತ್ತದೆ. ಮೂವತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ಪ್ಲೇಗ್ ಎದ್ದಾಗ ಅಕ್ಕಲಕೋಟೆ ರಸ್ತೆಯಲ್ಲಿ, ಕುಂಭಾರಿ ಹತ್ತಿರ ಹಗ್ಗ ಕಟ್ಟಿ ತಪಾಸಣೆಯ ನಾಕಾ ಹಾಕಿದರು. ಸೊಲ್ಲಾಪುರದ ಕಡೆಯಿಂದ ಬಂದವರು ಪಕ್ಕದ ತಗಡಿನ ಶೆಡ್ಡುಗಳಲ್ಲಿ ಗೊತ್ತುಮಾಡಿದಷ್ಟು ದಿನದ ಮುದ್ದತ್ತು ಕಳೆದೇ ಮುಂದೆ ಹೋಗಬೇಕು. ನಾನು ಅಲ್ಲಿ ಕಾರಕೂನ. ಡಾಕ್ಟರರು ಪುಣೆಯವರು, ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಕಲಿತವರು. ಹುಕುಮು ಅವರದು, ಬೈಗುಳ ನನಗೆ.

ಪಂಢರಪುರದ ಎತ್ತು

ಕುಂಭಾರಿಯ ಗೌಡರೊಬ್ಬರ ಹೊಲ ಹಗ್ಗದ ಎರಡೂ ಕಡೆ ಬಿದ್ದಿತ್ತು. ಮಳೆ ಬಿದ್ದ ನೆಲದ ಹದ ಆರಿಹೋಗುತ್ತಿತ್ತು.

“ಎತ್ತಿಗಿ ಪ್ಲೇಗ್ ಬರ್ತದೇನ್ರಿ ಡಾಕ್ಟರ್ ಸಾಹೇಬ್ರ?”

“ಇಲ್ಲ.”

“ಹಂಗಾರ ಎತ್ತು ದಾಟಬಹುದಲ್ರಿ?”

ಡಾಕ್ಟರರು ಯೋಚಿಸಿ ಹೂಂ ಅಂದರು. ನಾನು ಹಗ್ಗ ಇಳಿಸಿದೆ. ಎತ್ತು ದಾಟಿದವು, ನೇಗಿಲು ದಾಟಿತು, ನೇಗಿಲು ಹಿಡಿದಿದ್ದ ಗೌಡರೂ ದಾಟಿದರು.

“ನೀವೆಲ್ಲಿ ಹೊರಟಿರಿ?”

“ನಾ ಎಲ್ಲಿ ಹೊಂಟೀನ್ರಿ? ಅವ ನನ್ನ ಎಳಕೊಂಡ ಹೊಂಟಾವ. ಪಂಢರಪುರದ ಎತ್ತು, ಕನ್ನಡ ತಿಳಿಯೂದಿಲ್ಲ. ನೀವ ಜರಾ ಮರಾಠಿಯೊಳಗ ಹೇಳ್ರಿ.”

ಡಾಕ್ಟರರು ಧೋತರ ಎತ್ತಿಕೊಂಡು “ಥಾಂಬಾ, ಥಾಂಬಾ” ಅನ್ನುತ್ತ ಹೆಂಟೆಗಳ ಮೇಲೆ ಓಡಿದರು. ಎತ್ತು ನಿಲ್ಲಲಿಲ್ಲ. ಸಾಲು ಮುಗಿಸಿ ಹೊರಳಿದ ಗೌಡರು ಮರುಕದಿಂದ ಅಂದರು: “ಏನ್ ಮಾಡೂದ್ರಿ, ನಿಮ್ಮದು ಪುಣೆದ ಮರಾಠಿ. ಭಾಳ ಶುದ್ಧ ಐತಿ.”

ವಕೀಲರ ವಾದ

ಅಕ್ಕಲಕೋಟೆಯ ವಕೀಲರೊಬ್ಬರು ಸೊಲ್ಲಾಪುರದಿಂದ ಮರಳುವಾಗ ಸಿಕ್ಕಿಬಿದ್ದರು. ದಿನಾ ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು ಡಾಕ್ಟರರ ಜೊತೆ ವಾದ.

“ಗಟ್ಟಿಮುಟ್ಟಿ ಇದ್ದ ಮನಷ್ಯಾನ್ನ ಕೂಡಿಹಾಕೂದು ಯಾವ ನ್ಯಾಯರಿ?”

“ನೀವು ಗಟ್ಟಿ ಇದ್ದೀರಿ ಅಂತ ನನಗೆ ತಿಳಿಯುವ ತನಕ ಇದೇ ನ್ಯಾಯ.”

“ನಿಮಗ ತಿಳಿಯವಲ್ದಂದ್ರ ಅದು ನನ್ನ ತಪ್ಪೇನ್ರಿ?”

“ನಿಮ್ಮೊಬ್ಬರ ಸ್ವಾತಂತ್ರ್ಯಕ್ಕೆ ಇಡೀ ಅಕ್ಕಲಕೋಟೆ ಪ್ಲೇಗಿನಲ್ಲಿ ಮಲಗಬೇಕೇನು?”

ಒಳಗಿದ್ದ ಜವಳಿ ವ್ಯಾಪಾರಿಗಳು ಇಬ್ಬರಿಗೂ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಹೊತ್ತು ಹೋಗಲು ಬೇರೆ ದಾರಿ ಇರಲಿಲ್ಲ.

ಮುದ್ದತ್ತು ಮುಗಿದ ಮುಂಜಾನೆ ಬಿಡುಗಡೆ ಅಂತ ಹೇಳಹೋದರೆ ವಕೀಲರು ಪ್ಲೇಗಿನ ಗಡ್ಡೆ ಏಳುವ ಬಗಲನ್ನು ಒತ್ತಿಕೊಂಡು ಕೂತಿದ್ದರು. “ಯಾಕೋ ನೂಸಾಕತ್ತೈತಿ. ಇನ್ನಷ್ಟು ದಿನ ಇರ್ತೀನಿ. ಮಂದಿ ಆರೋಗ್ಯ ಮೊದಲು.”

ಡಾಕ್ಟರರು ಒತ್ತಿ ನೋಡಿದರು, ಏನೂ ಇಲ್ಲ. ಆಮೇಲೆ ವಿಷಯ ತಿಳಿಯಿತು. ವಕೀಲರ ಹೆಂಡತಿಯ ತವರಿನವರು ಪ್ಲೇಗಿಗೆ ಅಂಜಿ, ಮಕ್ಕಳುಮರಿ ಸಮೇತ ಅವರ ಮನೆಗೇ ಬಂದು ಇಳಿದಿದ್ದರು.

“ನಿಮ್ಮ ಸ್ವಾತಂತ್ರ್ಯ ಏನಾಯಿತು ವಕೀಲರೇ?”

“ಸಾಹೇಬ್ರ, ಹೊರಗಿಂತ ನಾ ಇಲ್ಲೇ ಸ್ವತಂತ್ರ ಅದೀನ್ರಿ.”

ಮುಹೂರ್ತ

ಒಂದು ದಿನ ಸೊಲ್ಲಾಪುರದ ವ್ಯಾಪಾರಿ ಮನೆತನದ ಮದುವೆ ದಿಬ್ಬಣ ನಾಕಾಕ್ಕೆ ಬಂತು. ಮದುಮಗ ಹಗ್ಗದ ಸೊಲ್ಲಾಪುರದ ಕಡೆ. ಸುದ್ದಿ ತಿಳಿದು ಮದುಮಗಳ ಮಂದಿ ಬಂಡಿ ಹೂಡಿಕೊಂಡು ಹಗ್ಗದ ಅಕ್ಕಲಕೋಟೆ ಕಡೆ ಬಂದು ನಿಂತರು. ಮದುಮಗಳು ಅಕ್ಕಲಕೋಟೆಯ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರ್ತಿ.

ಮುಹೂರ್ತ ಮೀರುತ್ತದೆ ಅಂತ ಮದುಮಗನ ತಂದೆ ಕೈ ಮುಗಿದರು. ಡಾಕ್ಟರರು ಜಗ್ಗಲಿಲ್ಲ. ಕೊನೆಗೆ ಹಗ್ಗದ ಎರಡೂ ಕಡೆ ದೂರ ದೂರ ನಿಂತೇ ಮದುವೆ ಆಗಲಿ ಎಂದು ಒಪ್ಪಿದರು. ನಡುವೆ ಅಂತರಪಾಟದ ಬಟ್ಟೆ ಹಿಡಿಯುವುದು ಹೇಗೂ ಪದ್ಧತಿ. ಮಂತ್ರ ಕೂಗಿ ಕೂಗಿ ಭಟ್ಟರ ಗಂಟಲು ಬಿದ್ದುಹೋಯಿತು. ಅಕ್ಕಿಕಾಳನ್ನು ಕವಣೆಯಿಂದ ಹಕ್ಕಿ ಹೊಡೆದ ಹಾಗೆ ಬೀಸಿ ಒಗೆದರು. ಆದರೆ ತಾಳಿ? ಫಿನೈಲಿನಲ್ಲಿ ಅದ್ದಿ ಕೋಲಿಗೆ ಸಿಕ್ಕಿಸಿ ಕೊಡಿ ಅಂದರು ಡಾಕ್ಟರರು. ಎರಡೂ ಕಡೆಯವರು ಮೊದಲ ಸಲ ಒಂದಾಗಿ ಅವರ ಮೇಲೆ ಬಿದ್ದರು.

ಆಗ ಮದುಮಗಳು ತಲೆ ಎತ್ತಿದಳು. “ಸಾಹೇಬ್ರ, ಆ ಕಡಿಯವರು ಈ ಕಡಿ ಬರಬಾರದು, ಹೌದಲ್ರಿ?”

“ಹೌದು.”

“ಈ ಕಡಿಯವರು ಆ ಕಡಿ ಹೋಗಬಾರದಂತ ಹುಕುಮ್ ಐತೇನ್ರಿ?”

ಡಾಕ್ಟರರು ನನ್ನ ಮುಖ ನೋಡಿದರು. ಅಂಥ ಹುಕುಮು ಇರಲಿಲ್ಲ. ಹುಡುಗಿ ಸೆರಗು ಸಿಕ್ಕಿಸಿಕೊಂಡು ಹಗ್ಗದ ಕೆಳಗೆ ನುಸುಳಿ ಮದುಮಗನ ಪಕ್ಕ ಬಂದು ನಿಂತಳು. ಕೊರಳಿಗೆ ತಾಳಿ ಬಿತ್ತು.

ಅಲ್ಲಿಂದ ದಿಬ್ಬಣದವರೆಲ್ಲ, ಮದುಮಗಳೂ ಸೇರಿ, ಶೆಡ್ಡಿಗೆ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಮರುದಿನ ಮದುಮಗ ಡಾಕ್ಟರರ ಹತ್ತಿರ ಮೆಲ್ಲಗೆ ಬಂದ.

“ಸಾಹೇಬ್ರ, ಈಗ ಇಬ್ಬರೂ ಒಂದ ಕಡಿ ಅದೀವಿ. ಎರಡು ಶೆಡ್ಡಿನ ನಡುವ ಮತ್ತೊಂದು ಹಗ್ಗ ಯಾಕ್ ಕಟ್ಟಿಸೀರಿ?”

“ಅದನ್ನು ಕಟ್ಟಿಸಿದವನು ನಾನಲ್ಲಪ್ಪ,” ಅಂದರು ಡಾಕ್ಟರರು. “ನಿಮ್ಮ ತಾಯಿ. ಹೋಗಿ ಅವರ ಜೊತೆ ವಾದ ಮಾಡು.”