ಆಕಳು ಮೆಚ್ಚಿದ ಹಾಸಿಗೆ

ಪೂರ್ಣ ಹೆಸರು ಚಂದ್ರವ್ವ, ವಯಸ್ಸು ಆರು, ವಾಸ ಆಳಂದ ತಾಲೂಕಿನ ಮಟಕಿ, ತಂದೆಯ ಕಡೆಯಿಂದ ಜರ್ಸಿ, ತಾಯಿಯ ಕಡೆಯಿಂದ ದೇವಣಿ, ಸಂತಾನ, ಅನ್ಯರ ಮನೆ ಸೇರಿದ ಹೆಣ್ಣುಮಕ್ಕಳು ಎರಡು, ಹಾಲು ಕುಡಿಯುವ ಕರು ಒಂದು. ಈ ಆಕಳಿನ ಸುಖದುಃಖದ ಸಮಸ್ತ ಹೊಣೆಯನ್ನು ಗೌರಾಬಾಯಿಯವರು ಹೊತ್ತಿದ್ದರು. (ಅವರ ಗಂಡ ಬಸವಂತರಾಯರ ಸುಖದುಃಖದ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ.)

ಥಂಡಿ ಬಿತ್ತೆಂದು ಗೌರಾಬಾಯಿ ಕೊಟ್ಟಿಗೆಯ ನಾಲ್ಕೂ ಕಡೆ ತಾಡಪತ್ರಿಯ ಪರದೆ ಬಿಗಿದಿದ್ದರು. ಹಾಲಿನ ಸಂಘದ ಶಿಬಿರದಲ್ಲಿ ಪಶುವೈದ್ಯೆ ಖುರ್ಷಿದಬೇಗಂ ಅದನ್ನೇ ಖಂಡಿಸಿದರು. ಚಳಿಗಿಂತ ಕಟ್ಟಿದ ಗಾಳಿ ಕೆಟ್ಟದ್ದು. ಆಕಳಿಗೆ ಬೇಕಾದದ್ದು ಒಣ ಹಾಸು, ಬೆಳಗಿನ ಬಿಸಿಲು, ಅಡ್ಡಾಡಲು ಜಾಗ. ಸಂಘ ಒಂದು ಪ್ರಶಸ್ತಿಪತ್ರವನ್ನೂ ಘೋಷಿಸಿತು. ಷರತ್ತು ಸರಳ: ಡಾಕ್ಟರ ಎದುರು ಆಕಳನ್ನು ಬಿಚ್ಚಿ ಬಿಡಬೇಕು; ಅದು ತಾನಾಗಿ ಹೋಗಿ ಮಲಗಿದ ಜಾಗವನ್ನು ಯಾರು ಸಜ್ಜುಗೊಳಿಸಿದ್ದಾರೋ ಅವರ ಹೆಸರಿಗೆ ಪತ್ರ.

ಪಡಸಾಲೆಯ ಗೋಡೆಯ ಮೇಲೆ ಬಸವಂತರಾಯರ ಹೆಸರಿನ ಪತ್ರಗಳು ನಾಲ್ಕಿದ್ದವು. ಒಂದು ಕುಸ್ತಿಯದು, ಒಂದು ಭಜನೆಯದು, ಒಂದು ರಕ್ತದಾನದ್ದು. ನಾಲ್ಕನೆಯದು ಯಾತಕ್ಕೆ ಬಂತೆಂಬುದು ಅವರಿಗೇ ನೆನಪಿರಲಿಲ್ಲ. ಗೌರಾಬಾಯಿಯ ಹೆಸರಿನದು ಒಂದೂ ಇರಲಿಲ್ಲ. ಶಿಬಿರದಿಂದ ಬಂದವರೇ ಅವರು ಐದನೆಯ ಮೊಳೆ ಹೊಡೆದರು.

ಮರುದಿನ ತಾಡಪತ್ರಿ ಇಳಿಯಿತು, ಕೊಟ್ಟಿಗೆಗೆ ಒಣ ಹುಲ್ಲಿನ ಹಾಸು ಬಿತ್ತು. ಅಂಗಳದಲ್ಲಿ ಬಿಸಿಲು ಬೀಳುವ ಮೂಲೆಗೆ ಚಂದ್ರವ್ವನ ಸವಾರಿ ಹೊರಟಿತು.

"ಏಳ್ರಿ, ಬಿಸಿಲು ಬಿಡ್ರಿ. ಆಕಳ ಬರಾಕತ್ತದ."

"ಏನ ಬೇ ಇದು! ಮೂವತ್ತು ವರ್ಷ ಆತು, ನಾ ಇಲ್ಲೇ ಕುಂತು ಚಾ ಕುಡೀತೇನಿ!"

"ನೀವು ಹಾಲು ಕೊಡ್ತೀರೇನ್ರಿ?"

ಬಸವಂತರಾಯರು ಚಾದ ಬಟ್ಟಲು ಹಿಡಿದು ಪಡಸಾಲೆಗೆ ವಲಸೆ ಹೋದರು. ಅಲ್ಲಿ ಬಾಗಿಲಿನಷ್ಟು ಅಗಲದ ಬಿಸಿಲು ಬರುತ್ತಿತ್ತು.

ಪರೀಕ್ಷೆಯ ಮುಂಜಾನೆ ಗೌರಾಬಾಯಿಯೊಳಗಿನ ಗೃಹಿಣಿ ಜಾಗೃತಳಾದಳು. ಮನೆಗೆ ಬರುವ ದೊಡ್ಡವರನ್ನು ಹುಲ್ಲಿನಲ್ಲಿ ನಿಲ್ಲಿಸುವುದೆಂದರೇನು?

"ಕೊಟ್ಟಿಗಿ ಹುಲ್ಲು ಎಲ್ಲಾ ಹೊರಗ ಒಗೀರಿ."

"ಒಣಾ ಅದಲ ಬೇ! ಛಲೋ ಅದ!"

"ಒಗೀರಿ ಅಂದ್ರ ಒಗೀರಿ!"

ಬಸವಂತರಾಯರು ಆಜ್ಞಾಪಾಲಕರು; ಹುಲ್ಲನ್ನು ಹೊತ್ತು ತಂದರು. ಆದರೆ ಪಡಸಾಲೆಯ ನೆಲದ ಶಹಾಬಾದ ಕಲ್ಲು ರಾತ್ರಿಯಿಡೀ ಅವರ ಬೆನ್ನನ್ನು ಕಚ್ಚಿತ್ತು. ಆ ಹುಲ್ಲನ್ನು ಮೊಣಕಾಲೆತ್ತರ ಹರಡಿ, ಮೇಲೆ ಕೌದಿ ಹಾಸಿ, ಎರಡೂ ಬಾಗಿಲು ತೆರೆದು ಬಿಸಿಲಿಗೆ ಮೈ ಚಾಚಿದರು.

ಇತ್ತ ಗೌರಾಬಾಯಿ ಕೊಟ್ಟಿಗೆಯನ್ನು ಎರಡು ಸಲ ಸಾರಿಸಿ, ಒಂಬತ್ತು ಕಮಲಗಳ ರಂಗೋಲಿ ಬಿಡಿಸಿ, ಅಂಗಳಕ್ಕೆಲ್ಲ ಸಗಣಿನೀರು ಚಿಮುಕಿಸಿದರು.

ಒಂಬತ್ತಕ್ಕೆ ಖುರ್ಷಿದಬೇಗಂ ಬಂದರು. ಗೌರಾಬಾಯಿ ರಾಜ್ಯಾಭಿಷೇಕದ ಗತ್ತಿನಿಂದ ಹಗ್ಗ ಬಿಚ್ಚಿದರು. "ಹೋಗವ್ವಾ, ನಿನ್ನ ಮನಿಗಿ ಹೋಗು."

ಚಂದ್ರವ್ವ ಹಸಿ ಕಮಲವೊಂದರ ಮೇಲೆ ಕಾಲಿಟ್ಟಿತು, ಜಾರಿತು, ಹಿಂದೆಗೆಯಿತು. ಅಂಗಳ ಮೂಸಿತು, ಅಲ್ಲಿಯೂ ಹಸಿ. ಆಮೇಲೆ ಪರಿಚಿತ ಹುಲ್ಲಿನ ವಾಸನೆ ಹಿಡಿದು, ಮೆಟ್ಟಿಲು ಹತ್ತಿ, ನೇರವಾಗಿ ಪಡಸಾಲೆಗೆ ದಯಮಾಡಿಸಿತು. ಬಸವಂತರಾಯರು ಕುಸ್ತಿಯ ಕಾಲದ ಚುರುಕಿನಿಂದ ಪಕ್ಕಕ್ಕೆ ಹಾರಿದರು. ಆಕಳು ಮೊಣಕಾಲು ಮಡಚಿ, ಕೌದಿಯ ಮೇಲೆ ಮಲಗಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು.

"ಎಬ್ಬಸ್ರಿ ಆಕೀನ!"

"ಹೆಂಗ ಎಬ್ಬಸ್ಲಿ ಬೇ? ಹಾಲು ಕೊಡಾಕಿ ಆಕಿ!"

ಖುರ್ಷಿದಬೇಗಂ ಹುಲ್ಲಿನಡಿ ಕೈ ತೂರಿಸಿ ನೋಡಿದರು. "ಒಣಾ ಅದ. ಗಾಳಿ ಅದ, ಬಿಸಿಲೂ ಅದ. ಅಕ್ಕೋರ, ಇದನ್ನ ಹಾಸಿದೋರು ಯಾರ್ರಿ?"

ಗೌರಾಬಾಯಿ ಹುಟ್ಟಾ ಸುಳ್ಳು ಹೇಳಿದವರಲ್ಲ; ಅದೇ ಅವರ ಅಭಿಮಾನ. ಆ ಅಭಿಮಾನ ಇಂದಿನಷ್ಟು ದುಬಾರಿ ಎಂದೂ ಆಗಿರಲಿಲ್ಲ.

"ಇವರ್ರಿ," ಎಂದರು, ಹಲ್ಲು ಕೀಳಿಸಿಕೊಂಡವರಂತೆ.

ಡಾಕ್ಟರು ಪೆನ್ನು ತೆಗೆದು ಬಸವಂತರಾಯರತ್ತ ತಿರುಗಿದರು. "ಪೂರ್ತಿ ಹೆಸರು ಹೇಳ್ರಿ."

ಮಧ್ಯಾಹ್ನ ತನಗೆ ಮನಸ್ಸಾದಾಗ ಎದ್ದುಹೋದ ಚಂದ್ರವ್ವ ಆ ಮನೆಯಲ್ಲಿ ಬಿಟ್ಟುಹೋದವು ಇವು: ಬುಟ್ಟಿ ತುಂಬ ಸಗಣಿ; ಒಂದು ಮೂಲೆ ಜಗಿದ ಕೌದಿ; ಶಹಾಬಾದ ಕಲ್ಲಿನ ಮೇಲೆ ರಂಗೋಲಿಯ ಗೊರಸಿನಚ್ಚು ನಾಲ್ಕು; ಅಂಗಳದ ಬಿಸಿಲಿಗೆ ಮರಳಿ, ಎರಡನೆಯ ಚಾ ಕೇಳುವ ಧೈರ್ಯ ಪಡೆದ ಗಂಡ ಒಬ್ಬರು; ಮತ್ತು ಗೌರಾಬಾಯಿ ಸ್ವಂತ ಕೈಯಿಂದ ಹೊಡೆದ ಐದನೆಯ ಮೊಳೆಗೆ, ಬಸವಂತರಾಯರ ಹೆಸರಿನ ಐದನೆಯ ಪತ್ರ.